ಕಲ್ಕಿಗಾಗಿ ಕಾಯುವವರು

 

ಬಂಧುಗಳೇ, ಇಂದಿನ ಚಿಂತನೆ ಒಂದು ಸಿನಿಮಾದ ಬಗ್ಗೆ. ಧಮ್ಮದ ಗುಂಪಿನಲ್ಲಿ ಸಿನಿಮಾ ಯಾಕೆ ಅನ್ನಬೇಡಿ. ಕಾಮಾಕ್ಷಿಪಾಳ್ಯದಲ್ಲಿ ವಾರವಿಡೀ ಲೇತ್ ಮುಂದೆ ನಿಂತು ದುಡಿಯುವ ನಮ್ಮ ಹುಡುಗರಲ್ಲಿ ಭಾನುವಾರ ವಂದನೆಗೆ ಬರುವವರಿಗಿಂತ ಥಿಯೇಟರಿಗೆ ಹೋಗುವವರೇ ಹೆಚ್ಚು. ಅಲ್ಲಿ ಅವರ ತಲೆಗೆ ಏನು ಇಳಿಯುತ್ತದೆ ಅನ್ನುವುದು ನಮಗೂ ಸಂಬಂಧಿಸಿದ್ದೇ.

2024ರಲ್ಲಿ ಕಲ್ಕಿಯ ಹೆಸರು ಎರಡು ಸಲ ತೆರೆಗೆ ಬಂತು. ಜೂನ್ 27ಕ್ಕೆ ನಾಗ್ ಅಶ್ವಿನ್ ಅವರ ತೆಲುಗು ಚಿತ್ರ ‘ಕಲ್ಕಿ 2898 ಎಡಿ’, ಕನ್ನಡಕ್ಕೂ ಡಬ್ ಆಗಿ. ಡಿಸೆಂಬರ್ 20ಕ್ಕೆ ನಮ್ಮ ಉಪೇಂದ್ರರ ‘ಯುಐ’. ಉಪೇಂದ್ರ ಅದರಲ್ಲಿ ಸತ್ಯನೂ ಹೌದು, ಕಲ್ಕಿಯೂ ಹೌದು. ಅವರ ಕಲ್ಕಿ ಉದ್ಧಾರಕನಲ್ಲ, ಅಧಿಕಾರದ ಹಸಿವಿನವನು. ಆ ತಲೆಹರಟೆ ನನಗೆ ಹಿಡಿಸಿತು. ಆದರೆ ಬಹಳ ಜನ ಒಗಟು ಬಿಡಿಸುವುದರಲ್ಲೇ ಸುಸ್ತಾದರು. ಮಕ್ಕಳ ಬಾಯಲ್ಲಿ ಉಳಿದದ್ದು ತೆಲುಗಿನದೇ. “ಮಿಸ್, ಕಲ್ಕಿ ಯಾವಾಗ ಹುಟ್ತಾನೆ?” ಎಂದು ಎಂಟನೇ ಕ್ಲಾಸಿನ ಹುಡುಗನೊಬ್ಬ ಕೇಳಿದ. ಎರಡನೇ ಭಾಗ ಯಾವಾಗ ಅಂತ ಅವನ ಅರ್ಥ.

ನೋಡದವರಿಗಾಗಿ ಕಥೆ ಹೇಳಿಬಿಡುತ್ತೇನೆ. ಗಂಗೆ ಬತ್ತಿದೆ. ಉಳಿದ ಕೊನೆಯ ನಗರ ಕಾಶಿ. ಅದರ ಮೇಲೆ ಆಕಾಶದಲ್ಲಿ ತಲೆಕೆಳಗಾದ ಪಿರಮಿಡ್ಡಿನಂಥ ಒಂದು ಕಾಂಪ್ಲೆಕ್ಸ್. ನೀರು, ಹಸಿರು, ಹಣ್ಣು ಎಲ್ಲ ಮೇಲೆ, ಧೂಳು ಕೆಳಗೆ. ಹತ್ತು ಲಕ್ಷ ಯೂನಿಟ್ ಕೂಡಿಟ್ಟವನಿಗೆ ಮಾತ್ರ ಮೇಲಕ್ಕೆ ಪ್ರವೇಶ, ಪ್ರಭಾಸ್ ಮಾಡಿದ ಭೈರವನ ಆಸೆಯೂ ಅದೇ. ಮೇಲೆ ಯಾಸ್ಕಿನ್ ಎಂಬ ಒಡೆಯನಿಗೆ ಆಯುಷ್ಯ ಬೇಕು. ಅದಕ್ಕೆ ಹೆಂಗಸರನ್ನು ಬಸುರು ಮಾಡಿ ಗರ್ಭದಿಂದ ರಸ ಹೀರುತ್ತಾರೆ. ಆ ಹೆಂಗಸರಿಗೆ ಹೆಸರಿಲ್ಲ, ನಂಬರು. ದೀಪಿಕಾ ಪಡುಕೋಣೆಯ ಪಾತ್ರ ಎಸ್‌ಯುಎಂ-80. ಅವಳ ಹೊಟ್ಟೆಯಲ್ಲಿರುವುದೇ ಕಲ್ಕಿ.

ಮೇಲಿನವರು, ಕೆಳಗಿನವರು, ಮುಟ್ಟಬಾರದ ನೀರು. ಇದನ್ನು ಕಲ್ಪಿಸಿಕೊಳ್ಳಲು ನಮಗೆ 2898ರವರೆಗೆ ಹೋಗಬೇಕಿರಲಿಲ್ಲ. ಚವದಾರ್ ಕೆರೆಯ 1927 ಸಾಕು. ಅಷ್ಟರಮಟ್ಟಿಗೆ ಚಿತ್ರ ನಮ್ಮದೇ ಅನ್ನಿಸುತ್ತದೆ. ಆಮೇಲೆ ಕೈತಪ್ಪುತ್ತದೆ. ಭೈರವನ ಬಲ ಅವನದಲ್ಲ, ಅವನು ಹಿಂದಿನ ಜನ್ಮದಲ್ಲಿ ಕರ್ಣ. ಕಾಯುವವನು ಮಹಾಭಾರತದ ಅಶ್ವತ್ಥಾಮ. ಬರಬೇಕಾದವನು ಅವತಾರ. ಅಂದರೆ ಲೋಕದ ಗತಿ ತೀರ್ಮಾನಿಸುವ ಯೋಗ್ಯತೆ ಮತ್ತೆ ಹುಟ್ಟಿನಲ್ಲೇ.

ಆದರೂ ಒಂದು ವಿಷಯ ಗಮನಿಸಿ. ಆ ಬಸುರಿಯನ್ನು ಕಾಂಪ್ಲೆಕ್ಸಿನಿಂದ ಶಂಭಲದವರೆಗೆ ತಲುಪಿಸಿದವರಲ್ಲಿ ಕೈರಾ ಎಂಬ ಹುಡುಗಿಯೂ ಒಬ್ಬಳು. ದಾರಿಯಲ್ಲೇ ಪ್ರಾಣ ಬಿಡುತ್ತಾಳೆ. ಅವಳು ಯಾವ ಪುರಾಣದವಳೂ ಅಲ್ಲ. (ಶಂಭಲದ ಹೆಸರು ಟಿಬೆಟಿನ ಕಾಲಚಕ್ರ ಪರಂಪರೆಯಲ್ಲೂ ಇದೆ. ಅದು ಇನ್ನೊಂದು ದಿನದ ಮಾತು.) ನಂಬರಿನ ಹೆಂಗಸಿಗೆ ಸುಮತಿ ಎಂದು ಹೆಸರಿಟ್ಟವರೂ ಶಂಭಲದ ಜನರೇ. ಕಲ್ಕಿ ಇನ್ನೂ ಹುಟ್ಟಿಯೇ ಇಲ್ಲ, ಒಂದು ಜೀವ ಆಗಲೇ ಉಳಿದಿದೆ! ಚಿತ್ರಕ್ಕೆ ತಾನು ತೋರಿಸಿದ್ದು ತನಗೇ ಕಾಣಲಿಲ್ಲ.

ಕಲ್ಕಿ ಪುರಾಣದಲ್ಲಿ ಕಲ್ಕಿ ದಂಡು ಕಟ್ಟಿಕೊಂಡು ಹೋಗಿ ಕೀಕಟದಲ್ಲಿ ಯುದ್ಧ ಮಾಡುವುದು ಬೌದ್ಧರ ಮೇಲೆ. ಬುದ್ಧರನ್ನು ಒಂಬತ್ತನೆಯವರಾಗಿ ಕೂರಿಸಿ ಹತ್ತನೆಯವನ ಕೈಗೆ ಕತ್ತಿ ಕೊಟ್ಟ ಪಟ್ಟಿ ಅದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ, ಬುದ್ಧ ವಿಷ್ಣುವಿನ ಅವತಾರ ಎಂಬುದನ್ನು ನಂಬುವುದಿಲ್ಲ ಎಂದು ಬೇರೆಯಾಗಿಯೇ ಸೇರಿಸಿದ್ದು ಸುಮ್ಮನೆ ಅಲ್ಲ.

ಹಾಗಾದರೆ ನಮ್ಮಲ್ಲಿ ಮೈತ್ರೇಯ ಬುದ್ಧ ಇಲ್ಲವೇ, ನಾವೂ ಕಾಯುವವರೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಮೈತ್ರೇಯನ ಮಾತು ಬರುವುದು ದೀಘನಿಕಾಯದ 26ನೆಯದಾದ ಚಕ್ಕವತ್ತಿ ಸೀಹನಾದ ಸುತ್ತದಲ್ಲಿ. ಯಾವ ಸಿನಿಮಾಕ್ಕೂ ಕಮ್ಮಿಯಿಲ್ಲದ ಭವಿಷ್ಯದ ಕಥೆ. ಒಬ್ಬ ರಾಜ ಬಡವರಿಗೆ ಧನ ಹಂಚುವುದನ್ನು ಬಿಡುತ್ತಾನೆ. ಬಡತನ ಹೆಚ್ಚುತ್ತದೆ, ಬಡತನದಿಂದ ಕಳ್ಳತನ, ಕಳ್ಳರ ತಲೆ ಕಡಿಸಿದ್ದರಿಂದ ಕತ್ತಿ, ಕೊಲೆ, ಸುಳ್ಳು. 80,000 ವರ್ಷ ಬದುಕುತ್ತಿದ್ದ ಮನುಷ್ಯರ ಆಯುಷ್ಯ ಇಳಿದಿಳಿದು ಹತ್ತು ವರ್ಷಕ್ಕೆ ಬರುತ್ತದೆ. ಏಳು ದಿನ ಒಬ್ಬರನ್ನೊಬ್ಬರು ಮೃಗ ಎಂದು ಕಂಡು ಕಡಿದು ಹಾಕುತ್ತಾರೆ. ಕೆಲವರು ಮಾತ್ರ, ಕೊಲ್ಲುವುದೂ ಬೇಡ, ಸಾಯುವುದೂ ಬೇಡ ಎಂದು ಹುಲ್ಲು, ಕಾಡು, ಬೆಟ್ಟದ ಸಂದುಗಳಲ್ಲಿ ಅಡಗುತ್ತಾರೆ. ಏಳು ದಿನ ಕಳೆದು ಹೊರಬಂದವರು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಾರೆ, ನೀನು ಬದುಕಿದ್ದೀಯಲ್ಲ ಎಂದು. ಕೊಲ್ಲುವುದನ್ನು ಬಿಡೋಣ ಎಂದು ತಾವೇ ಮಾತಾಡಿಕೊಳ್ಳುತ್ತಾರೆ. ಅವರ ಮಕ್ಕಳು ಇಪ್ಪತ್ತು ವರ್ಷ ಬದುಕುತ್ತಾರೆ. ಹಾಗೆ ತಲೆಮಾರಿನಿಂದ ತಲೆಮಾರಿಗೆ ಆಯುಷ್ಯ ಏರಿ ಮತ್ತೆ 80,000 ಆದಮೇಲೆ, ಎಲ್ಲ ಸರಿಹೋದ ಲೋಕಕ್ಕೆ, ಮೈತ್ರೇಯ ಬರುತ್ತಾನೆ. ಲೋಕವನ್ನು ಸರಿಮಾಡಿದವನು ಅವನಲ್ಲ. ನಿಮಗೆ ನೀವೇ ಆಸರೆ ಎಂಬ ಬೋಧನೆ ಈ ಸುತ್ತದ ಆರಂಭದಲ್ಲೂ ಇದೆ, ಕೊನೆಯಲ್ಲೂ ಇದೆ.

ಈಗ ನಮ್ಮ ಮನೆಯ ವಿಷಯಕ್ಕೆ ಬರೋಣ. ಏಪ್ರಿಲ್ 14 ಬಂದರೆ ನಮ್ಮ ಬೀದಿಗಳ ಫ್ಲೆಕ್ಸುಗಳಲ್ಲೂ ‘ಮತ್ತೆ ಹುಟ್ಟಿ ಬಾ ಭೀಮ’ ಎಂಬ ಧಾಟಿಯ ಮಾತು ಕಾಣುತ್ತದೆ. ಬರೆಯುವವರ ಪ್ರೀತಿ ನನಗೆ ಗೊತ್ತು; ದುಡ್ಡು ಕೂಡಿಸಿ ಕಟ್ಟಿಸುವವರು ನಮ್ಮ ಅಣ್ಣತಮ್ಮಂದಿರೇ. ಆದರೆ ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ದಾರಿ ಎಂದು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದವರನ್ನೇ ನಾವು ಹನ್ನೊಂದನೆಯ ಅವತಾರ ಮಾಡಹೊರಟಿದ್ದೇವೆ. ಬುದ್ಧರು ದಾರಿ ತೋರಿದವರು, ಮೋಕ್ಷ ಹಂಚಿದವರಲ್ಲ ಎಂದು ಕಲಿಸಿದ ಆ ಮನುಷ್ಯ ಮತ್ತೆ ಹುಟ್ಟಿ ಬಂದು ಮಾಡಬೇಕಾದ ಕೆಲಸ ಯಾವುದು? ಹತ್ತನೇ ಕ್ಲಾಸು ಬಿಟ್ಟು ವರ್ಕ್‌ಶಾಪಿಗೆ ಸೇರಿದ ಹುಡುಗನ ಮನೆಗೆ ಹೋಗಿ ಮಾತಾಡುವುದಕ್ಕೆ ಅವರೇ ಬರಬೇಕೇ?

ಈ ಭಾನುವಾರ ವಂದನೆಯ ನಂತರ ಇದೇ ಸುತ್ತವನ್ನು ಓದುತ್ತೇವೆ. ಸಿನಿಮಾ ನೋಡಿದ ಮಕ್ಕಳಿದ್ದರೆ ಕರೆದುಕೊಂಡು ಬನ್ನಿ, ಕಥೆಯನ್ನು ಅವರಿಂದಲೇ ಶುರು ಮಾಡಿಸೋಣ.