ಪಾಸ್ ಇದೆ, ಮೆಟ್ಟಿಲು ಎತ್ತರ

ಇಪ್ಪತ್ತರ ಹುಡುಗ ಸಂಜೆ ಚಪ್ಪಲಿ ಮೆಟ್ಟಿಕೊಂಡು 'ಹಿಂಗೇ ಹೋಗ್ಬರ್ತೀನಿ' ಅಂದರೆ ಮನೆಯಲ್ಲಿ ಯಾರೂ ಹೆಚ್ಚು ಕೆದಕುವುದಿಲ್ಲ. ಗಾಲಿಕುರ್ಚಿಯಲ್ಲಿರುವ ಅವನ ಓರಗೆಯವನು ಹಾಗೆ ಹೊರಡಲಾರ. ಅಮ್ಮನಿಗೆ ಬಿಡುವಿರಬೇಕು, ಆಟೋದವನು ಒಪ್ಪಬೇಕು, ಮಡಚಿದ ಕುರ್ಚಿ ಹಿಂದೆ ಕಟ್ಟಲು ಹಗ್ಗ ಬೇಕು. ಅಮ್ಮ ಕೂಲಿಗೆ ಹೋಗುವವಳಾದರೆ ಅವತ್ತಿನ ಕೂಲಿಯೂ ಹೋಯಿತು.

ಸೌಲಭ್ಯವೇ ಇಲ್ಲವೆಂದಲ್ಲ. ವರ್ಷಕ್ಕೆ 660 ರೂಪಾಯಿ ಕಟ್ಟಿದರೆ ಅಂಗವಿಕಲರಿಗೆ ವಾಸಸ್ಥಳದಿಂದ 100 ಕಿಲೋಮೀಟರ್‌ವರೆಗೆ ಸರ್ಕಾರಿ ಬಸ್ಸಿನ ಪಾಸ್ ಸಿಗುತ್ತದೆ. 2023ರಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಅದೂ ಬೇಕಿಲ್ಲ. ಒಳ್ಳೆಯದೇ. ಆದರೆ ಇವು ಇಳಿಸಿದ್ದು ಟಿಕೆಟಿನ ದರವನ್ನು, ಮೆಟ್ಟಿಲಿನ ಎತ್ತರವನ್ನಲ್ಲ.

ಬಸ್ ಸ್ಟಾಪಿನಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಡ್ರೈವರ್ ಬಸ್ಸನ್ನು ಫುಟ್‌ಪಾತಿಗೆ ಒತ್ತಿ ನಿಲ್ಲಿಸಿದರೆ ಊರುಗೋಲಿನ ಹುಡುಗಿ ಕಂಬಿ ಹಿಡಿದು ಹತ್ತಿಬಿಡುತ್ತಾಳೆ. ನಾಲ್ಕಡಿ ಆಚೆ ನಿಲ್ಲಿಸಿದನೋ, ಅವಳು ರಸ್ತೆಗಿಳಿದು, ಸಂದಿಯಲ್ಲಿ ನುಗ್ಗುವ ಬೈಕು ತಪ್ಪಿಸಿಕೊಂಡು, ಮೊಣಕಾಲೆತ್ತರದ ಮೆಟ್ಟಿಲಿಗೆ ಕಾಲೆತ್ತಬೇಕು. ಅಷ್ಟರಲ್ಲಿ ಕಂಡಕ್ಟರ್ 'ರೈಟ್ ರೈಟ್' ಅಂದಿರುತ್ತಾನೆ. ಡ್ರೈವರನ್ನಷ್ಟೇ ಬೈದು ಫಲವಿಲ್ಲ. ಬಸ್ ನಿಲ್ಲಬೇಕಾದ ಜಾಗದಲ್ಲಿ ಆಟೋ, ತಳ್ಳುಗಾಡಿ ನಿಂತಿರುತ್ತವೆ, ಟ್ರಿಪ್ ಮುಗಿಸುವ ಅವಸರ ಬೇರೆ. ಗಾಲಿಕುರ್ಚಿಯವರಿಗಂತೂ ಹತ್ತುವ ಪ್ರಶ್ನೆಯೇ ಇಲ್ಲ. ಬೆಂಗಳೂರಿನಲ್ಲಿ ತಗ್ಗು ನೆಲದ ಏಸಿ ಬಸ್ಸುಗಳುಂಟು, ಮೆಟ್ರೋದಲ್ಲಿ ಲಿಫ್ಟ್ ಉಂಟು. ತಾಲ್ಲೂಕು ಕೇಂದ್ರದ ಕಾಲೇಜಿಗೆ ಹೋಗುವ ಕೆಂಪು ಬಸ್ಸಿನಲ್ಲಿ ಏನುಂಟು?

ಕಾನೂನೇನೋ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಕ್ಕಳನ್ನು ಶಾಲೆಗೆ ಕರೆತರುವ ವಾಹನದಿಂದ ಹಿಡಿದು ಬಸ್ಸು, ರೈಲು, ನಿಲ್ದಾಣಗಳವರೆಗೆ ಎಲ್ಲವೂ ಅಂಗವಿಕಲರಿಗೆ ಅನುಕೂಲವಾಗಿರಬೇಕೆಂದು ಹೇಳುತ್ತದೆ. ಇದರ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯ ಮಾಡಿ ಎಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೇಂದ್ರಕ್ಕೆ ಹೇಳಿದೆ.

ನನ್ನನ್ನು ಕಾಡುವುದು ಇನ್ನೊಂದು. ಅಂಗವಿಕಲರು ಶಾಲೆಗೆ, ಕಚೇರಿಗೆ, ಆಸ್ಪತ್ರೆಗೆ ಮಾತ್ರ ಹೋಗುತ್ತಾರೆಂದು ನಾವು ಹೇಗೋ ತೀರ್ಮಾನಿಸಿಬಿಟ್ಟಿದ್ದೇವೆ. ಸೆಕೆಂಡ್ ಶೋ ಸಿನಿಮಾ, ಗೆಳೆಯನ ಮದುವೆ, ಗೋಬಿ ಅಂಗಡಿ ಯಾರ ಲೆಕ್ಕದಲ್ಲೂ ಇಲ್ಲ. ಅದಕ್ಕೇ, ಈಗಿರುವ ಯೋಜನೆಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು, ಎರಡು ಪಕ್ಕ ಚಕ್ರ ಜೋಡಿಸಿದ ಸ್ಕೂಟರ್ ಕೊಡುವ ಯೋಜನೆ. ಅದು ಸಿಕ್ಕವನು ಎಲ್ಲಿಗೆ, ಯಾಕೆ ಎಂದು ಯಾರಿಗೂ ಹೇಳಬೇಕಿಲ್ಲ. ಆದರೆ ಕೈಯಲ್ಲಿ ಬಲ, ಕಣ್ಣಲ್ಲಿ ದೃಷ್ಟಿ ಇದ್ದವರಿಗಷ್ಟೇ ಅದು ದಾರಿ. ಉಳಿದವರಿಗೆ ಬಸ್ಸೇ ಗತಿ.

ಹಾಗಾಗಿ ಒಂದು ಕೋರಿಕೆ. ಮುಂದಿನ ಸಲ ಬಸ್ ಖರೀದಿಸುವ ಮುನ್ನ ಸಾರಿಗೆ ಸಂಸ್ಥೆ ಮಾದರಿಯೊಂದನ್ನು ಯಾವುದಾದರೂ ಊರಿನ ಸರ್ಕಾರಿ ಕಾಲೇಜಿನ ಗೇಟಿನ ಮುಂದೆ ನಿಲ್ಲಿಸಿ, ಈ ಹುಡುಗ ಹುಡುಗಿಯರಿಗೆ ಹತ್ತಿ ಇಳಿದು ನೋಡಲು ಹೇಳಲಿ. ಅವರು ಒಪ್ಪಿದ ಮೇಲೆ ಟೆಂಡರ್ ಕರೆಯಲಿ.