ರಾಜನಿಲ್ಲದ ರಾಜದಂಡ

ದಕ್ಷಿಣ ಉಕ್ರೇನಿನಲ್ಲಿ, ಡ್ಯಾನ್ಯೂಬ್ ನದಿ ಕಡಲು ಸೇರುವ ಸೀಮೆಯಲ್ಲಿ ಹಿಂದೆ ಸುವೊರೊವೊ ಎನ್ನುತ್ತಿದ್ದ ಊರಿದೆ. ಅಲ್ಲಿನ ಮಣ್ಣುದಿಬ್ಬವೊಂದರ ಅಡಿಯಲ್ಲಿ 6,000 ವರ್ಷಗಳಿಗೂ ಹಿಂದೆ ಒಬ್ಬ ಗಂಡಸನ್ನೂ ಒಬ್ಬ ಹೆಂಗಸನ್ನೂ ಒಂದೇ ಗುಂಡಿಯಲ್ಲಿ ಹೂತಿದ್ದರು. ನೆಲಕ್ಕೆ ಕೆಮ್ಮಣ್ಣು ಹರಡಿತ್ತು. ಅವಳ ಸೊಂಟದಲ್ಲಿ ಚಿಪ್ಪಿನ ಮಣಿಗಳ ಪಟ್ಟಿ. ಅವನ ಸೊಂಟದ ಮೇಲೆ, ಕುದುರೆಯ ತಲೆಯಂತೆ ಕಡೆದು ನುಣುಪಾಗಿ ಉಜ್ಜಿದ ಒಂದು ಕಲ್ಲು.

ಸಂಶೋಧನೆಯ ಟಿಪ್ಪಣಿಯಲ್ಲಿ ನಾನದನ್ನು 'ರಾಜದಂಡ' ಎಂದು ಬರೆದುಕೊಂಡಿದ್ದೆ. ಇಂಗ್ಲಿಷ್ ಪುಸ್ತಕಗಳ ಪದಕ್ಕೆ ಕನ್ನಡದಲ್ಲಿ ಸಲೀಸಾಗಿ ಒದಗಿದ್ದು ಅದೇ. ಓದಿದ ಮೇಷ್ಟ್ರು ಕೇಳಿದರು: "ದಂಡವೇನೋ ಸಿಕ್ಕಿತು, ರಾಜ ಎಲ್ಲಿದ್ದಾನಮ್ಮ?"

ಅವನು ರಾಜನೆಂದು ಹೇಗೆ ಗೊತ್ತು? ಬಳಿಯಲ್ಲಿ ರಾಜದಂಡವಿತ್ತು. ಅದು ರಾಜದಂಡವೆಂದು ಹೇಗೆ ಗೊತ್ತು? ರಾಜನ ಬಳಿ ಇತ್ತು. ನನ್ನ ವಾದ ಗಾಣದೆತ್ತಿನ ಹಾಗೆ ಸುತ್ತುತ್ತಿತ್ತು. ನಮ್ಮ ಭಾಷೆಯಲ್ಲಿ 'ದಂಡ' ಎಂದರೆ ಕೋಲೂ ಹೌದು, ಶಿಕ್ಷೆಯೂ ಹೌದು (ವ್ಯರ್ಥ ಎಂಬ ಅರ್ಥವೂ ಇದೆ, ಅದು ಬೇರೆ ಮಾತು). ಒಂದು ಪದ ಬರೆದು ಆ ಮನುಷ್ಯನಿಗೆ ಪ್ರಜೆಗಳನ್ನೂ ಅವರನ್ನು ಶಿಕ್ಷಿಸುವ ಹಕ್ಕನ್ನೂ ನಾನೇ ಕೊಟ್ಟುಬಿಟ್ಟಿದ್ದೆ.

ಇಂಥ ಕಲ್ಲುಗಳು ವೋಲ್ಗಾದಿಂದ ಡ್ಯಾನ್ಯೂಬ್‌ವರೆಗೆ ಸಿಕ್ಕಿವೆ. ಕೆಲವಂತೂ ಕುದುರೆಯೋ ಅಲ್ಲವೋ ಎಂದು ಅನುಮಾನ ಬರುವಷ್ಟು ಒರಟು. ಮೂತಿಯ ಮೇಲಿನ ಗೆರೆಗಳನ್ನು ಲಗಾಮೆಂದು ಓದಿ, ಕುದುರೆಯೇರಿ ಬಂದ ನಾಯಕರ ಕತೆ ಕಟ್ಟಿದವರಿದ್ದಾರೆ. ಆದರೆ 2021ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನದ ಪ್ರಕಾರ, ಇಂದಿನ ಸಾಕುಕುದುರೆಗಳ ಪೂರ್ವಜರು ವೋಲ್ಗಾ-ಡಾನ್ ನದಿಗಳ ಬಯಲಿನಿಂದ ಎಲ್ಲೆಡೆ ಹಬ್ಬಿದ್ದು ಕ್ರಿ.ಪೂ. 2000ದ ಆಸುಪಾಸಿನಲ್ಲಿ, ಈ ಸಮಾಧಿಯಾಗಿ ಎರಡು ಸಾವಿರ ವರ್ಷ ಕಳೆದ ಮೇಲೆ. ಈ ಕಲ್ಲು ಕಡೆದವರಿಗೆ ಕುದುರೆ ಇನ್ನೂ ಬೇಟೆಯ ಪ್ರಾಣಿಯೇ ಆಗಿದ್ದಿರಬಹುದು.

ಹಾಗೆಂದು ಅದನ್ನು ಬರೀ ಕಲ್ಲೆನ್ನಲಾರೆ. ಅಷ್ಟು ನುಣುಪಾಗಲು ಯಾರೋ ಎಷ್ಟೋ ದಿನ ತೇಯ್ದಿರಬೇಕು. ಆತ ತನ್ನವರ ನಡುವೆ ದೊಡ್ಡವನೇ ಇದ್ದಿರಬಹುದು. ಆದರೆ ಗದ್ದುಗೆ ಎಂದಮೇಲೆ ಅದು ಒಬ್ಬರಿಂದ ಇನ್ನೊಬ್ಬರಿಗೆ ದಾಟಬೇಕಲ್ಲ? ಇವರು ಕಲ್ಲನ್ನು ಮುಂದಿನವನ ಕೈಗೆ ಕೊಡದೆ ಹೂತರು. ಆ ಹಿರಿಮೆ ಅವನೊಂದಿಗೇ ಮುಗಿಯಲಿ ಎಂದಿದ್ದರೇ?

ನನ್ನನ್ನು ಹೆಚ್ಚು ಚುಚ್ಚಿದ್ದು ಟಿಪ್ಪಣಿಯ ಕೆಳಗಿನ ಸಾಲು. ಅವನ ಕಲ್ಲಿನೆದುರು 'ಅಧಿಕಾರದ ಲಾಂಛನ', ಅವಳ ಮಣಿಪಟ್ಟಿಯೆದುರು 'ಆಭರಣ' ಎಂದು ನಾನೇ, ಒಂದು ಕ್ಷಣವೂ ಯೋಚಿಸದೆ, ಬರೆದಿದ್ದೆ. ಒಂದೊಂದೇ ಚಿಪ್ಪನ್ನು ತಿದ್ದಿ, ತೂತು ಕೊರೆದು, ಪೋಣಿಸಿದ ಪಟ್ಟಿ ಅದು. ಸತ್ತವರು ಎದ್ದು ಬಂದು ತಕರಾರು ಮಾಡುವುದಿಲ್ಲ, ಅದೇ ಕಷ್ಟ. ಈಗ ಎರಡನ್ನೂ ಹೊಡೆದುಹಾಕಿ 'ಕುದುರೆತಲೆಯ ಕಲ್ಲು', 'ಚಿಪ್ಪುಮಣಿಯ ಪಟ್ಟಿ' ಎಂದಷ್ಟೇ ಬರೆದಿದ್ದೇನೆ. 'ಬಳಕೆ' ಎಂಬ ಖಾನೆ ಇಬ್ಬರದೂ ಖಾಲಿ ಇದೆ.