ಹವಳಕ್ಕೆ ಯಾವುದು ಜ್ಯೋತಿ?

ಬೃಹದಾರಣ್ಯಕ ಉಪನಿಷತ್ತಿನಲ್ಲಿ ಜನಕ ಮಹಾರಾಜನು, ಪುರುಷನಿಗೆ ಜ್ಯೋತಿ ಯಾವುದೆಂದು ಯಾಜ್ಞವಲ್ಕ್ಯನನ್ನು ಪ್ರಶ್ನಿಸಿ, ಸೂರ್ಯನೆಂದರೆ ಸೂರ್ಯಾಸ್ತದ ಬಳಿಕ ಏನೆಂದೂ, ಚಂದ್ರನೆಂದರೆ ಅವನೂ ಮರೆಯಾದ ಬಳಿಕ ಏನೆಂದೂ ಬೆನ್ನುಹತ್ತಿ, ಅಗ್ನಿಯನ್ನೂ ವಾಕ್ಕನ್ನೂ ದಾಟಿ, ಕಡೆಗೆ ಆತ್ಮನೇ ಜ್ಯೋತಿಯೆಂಬ ಉತ್ತರವನ್ನು ಪಡೆಯುತ್ತಾನೆ. ಇದೇ ಪ್ರಶ್ನೆಯನ್ನು ಹವಳದ ವಿಷಯವಾಗಿ ಕೇಳಿದರೆ ಸಂವಾದವು ಮೊದಲ ಮೆಟ್ಟಿಲಿನಲ್ಲಿಯೇ ನಿಂತುಹೋಗುತ್ತದೆ. ಮೈಯೊಳಗೆ ನೆಲೆಸಿದ ಸೂಕ್ಷ್ಮ ಪಾಚಿಗಳು ಬಿಸಿಲಿನಿಂದ ಸಿದ್ಧಗೊಳಿಸುವ ಅನ್ನವನ್ನೇ ಬಹುಪಾಲು ನೆಚ್ಚಿದ ಆ ಜೀವಿಗೆ ಎರಡನೆಯ ಜ್ಯೋತಿಯಿಲ್ಲ. ಮನುಷ್ಯನು ತಂದುಕೊಟ್ಟರೆ ಮಾತ್ರ ಉಂಟು.

ಸಹ್ಯಾದ್ರಿಯ ಈಚೆಗೆ, ಮುರುಡೇಶ್ವರದೆದುರಿನ ನೇತ್ರಾಣಿ ದ್ವೀಪದ ಹವಳಗಳಿಂದ ಬಹುದೂರದ ಲಕಮನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ, ಯಾವನೋ ಕುಶಲಿಯು ಗಾಜಿನ ತೊಟ್ಟಿಗೆ ಉಪ್ಪುನೀರು ತುಂಬಿ, ಕಾರಿನ ಹೆಡ್‌ಲೈಟಿನಿಂದ ಹವಳ ಸಾಕಲು ಬಯಸಿದನೆನ್ನೋಣ. ಅಸಾಧ್ಯದ ಮಾತಲ್ಲ. ಕಾರಿನ ಕ್ಸೆನಾನ್ ದೀಪವೂ ಹವಳ ಸಾಕುವವರು ಬಹುಕಾಲ ಬಳಸಿದ ಮೆಟಲ್ ಹ್ಯಾಲೈಡ್ ದೀಪವೂ ಒಂದೇ ಕುಲದವು. ಎರಡರಲ್ಲಿಯೂ ಬೆಳಗುವುದು ಕಾಯ್ದ ತಂತಿಯಲ್ಲ, ಅನಿಲದ ನಡುವಣ ವಿದ್ಯುತ್ತಿನ ಚಾಪ. ಕಾರಿನ ದೀಪದಿಂದ 35 ವ್ಯಾಟಿನಲ್ಲಿ ಸುಮಾರು 3000 ಲ್ಯೂಮೆನ್ ಬೆಳಕು ಬರುತ್ತದೆ. ಕೊರತೆಯಿರುವುದು ವರ್ಣದಲ್ಲಿ. ಕಾರಿಗೆ 4300 ಕೆಲ್ವಿನ್ನಿನ ಹಳದಿಬೆರೆತ ಬಿಳುಪು ಸಾಕು. ಕೆಂಪನ್ನು ಮೇಲೆಯೇ ಹೀರಿ ನೀಲಿಯನ್ನು ಆಳಕ್ಕಿಳಿಯಗೊಡುವ ಕಡಲಿನ ಜೀವಕ್ಕೆ 10000ಕ್ಕೂ ಮಿಕ್ಕ ನೀಲಛಾಯೆ ಹಿತ. ಹೊತ್ತಿಸುವಾಗ ಸುಮಾರು 20000 ವೋಲ್ಟಿನ ಮಿಡಿತವುಂಟಾಗುವುದರಿಂದ ದೀಪಕ್ಕೂ ಉಪ್ಪುನೀರಿಗೂ ನಡುವೆ ಭದ್ರವಾದ ಮರೆ ಬೇಕು.

ಪ್ರಯಾಣಿಕನಿಗೆ ಜ್ಞಾನಸಾಧನವಾಗಿದ್ದ ಬೆಳಕು ಇಲ್ಲಿ ಅನ್ನವಾಗುತ್ತದೆ. ಇದರಲ್ಲಿ ಹವಳಕ್ಕೆ ವಂಚನೆಯಾಯಿತೆಂದು ನಾನು ಭಾವಿಸಲಾರೆ. ಪಾಚಿಯು ಕಿರಣದ ಕುಲಗೋತ್ರವನ್ನು ವಿಚಾರಿಸುವುದಿಲ್ಲ. ಪ್ರಶ್ನೆಯಿರುವುದು ಕೊಡುವವನ ಕಡೆಗೆ. ಸೂರ್ಯನ ಸ್ಥಾನವನ್ನು ವಹಿಸಿದವನು ಸೂರ್ಯನ ವ್ರತವನ್ನೂ ವಹಿಸಬೇಕಲ್ಲವೆ? ಉದಯದ ಜೊತೆಗೆ ಅಸ್ತಮಯವನ್ನೂ ಕೊಡಬೇಕು, ಏಕೆಂದರೆ ಎಷ್ಟೋ ಹವಳಗಳು ಬೇಟೆಗಾಗಿ ಕೈಚಾಚುವುದು ಕತ್ತಲಲ್ಲಿಯೇ. ದೀಪದ ಕಾವಿನಿಂದ ನೀರು ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾಗಿ ಹಾಗೆಯೇ ಉಳಿದರೆ ಹವಳವು ತನ್ನ ಪಾಚಿಗಳನ್ನು ಹೊರಗಟ್ಟಿ ಬಿಳಿಚಿಕೊಳ್ಳುತ್ತದೆ. ಇನ್ನು ಋಣದ ಮಾತು. ಗಟ್ಟಿಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಗೆ ಸೇರಿಸಲಾಯಿತು. ನಮ್ಮ ಕಡಲಿನಿಂದ ಅವನ್ನು ಕಿತ್ತುತಂದವನ ದೀಪವು ಎಷ್ಟೇ ಸೊಗಸಾಗಿರಲಿ, ಅದು ಅಪಹರಣವೇ ಹೊರತು ಪೋಷಣೆಯಲ್ಲ.

12 ವೋಲ್ಟಿನ ಬ್ಯಾಟರಿಯಿಂದಲೇ ಉರಿಯುವುದರಿಂದ, ಕರೆಂಟು ಹೋದಾಗಲೂ ಈ ದೀಪ ಬೆಳಗೀತೆಂದು ನಮ್ಮ ಕುಶಲಿಯು ಹಿಗ್ಗಬಹುದು. ಆದರೆ ಬೆಳಕಿಲ್ಲದೆ ಒಂದೆರಡು ದಿನ ತಾಳುವ ಹವಳವು, ನೀರು ಚಲಿಸದೆ ಪ್ರಾಣವಾಯು ಕುಂದಿದರೆ ಕೆಲವು ಗಂಟೆಗಳಲ್ಲಿಯೇ ಸಾಯಬಹುದಾದುದರಿಂದ, ಆ ಬ್ಯಾಟರಿಯನ್ನು ಅವನು ಮೊದಲು ಪಂಪಿಗೆ ಜೋಡಿಸತಕ್ಕದ್ದು. ಅವನು ವಹಿಸಿಕೊಂಡಿರುವುದು ಸೂರ್ಯನ ಸ್ಥಾನವನ್ನಷ್ಟೇ ಅಲ್ಲ, ಅಲೆಯ ಸ್ಥಾನವನ್ನೂ ಸಹ.